ಸಾರನಾಥದ ಜಾಗದ ಇನ್ನೊಂದರ್ಧ

ಅಪ್ಪ ಯಾರನ್ನೂ ಸಲಹೆ ಕೇಳಿದವರಲ್ಲ, ಊರವರಿಗೆಲ್ಲ ಸಲಹೆ ಕೊಡುತ್ತಿದ್ದವರು. ಕರ್ನಾಟಕದಿಂದ ಕಾಶಿಗೆ ಬರುವ ಯಾತ್ರಿಕರಿಗೆ ಶ್ರಾದ್ಧ, ಪಿಂಡಪ್ರದಾನ ಮಾಡಿಸುವುದು ನಮ್ಮ ಮನೆತನದ ಕಸುಬು. ಹನುಮಾನ್ ಘಾಟಿನ ಗಲ್ಲಿಯಲ್ಲಿದ್ದ ನಮ್ಮ ಎರಡು ಕೋಣೆಯ ಬಾಡಿಗೆ ಮನೆಗೆ ಬೆಳಗಾಗುತ್ತಲೇ ಜನ ಬರುತ್ತಿದ್ದರು. ತಾಯಿ ತೀರಿಹೋದ ವರ್ಷ ಮನೆ ಕಟ್ಟಬಹುದೇ, ಮಗಳ ಮದುವೆ ಮುಂದೂಡಬೇಕೇ, ಬಾಣಂತಿ ಇರುವ ಮನೆಯಲ್ಲಿ ತಿಥಿ ಮಾಡುವುದು ಹೇಗೆ, ಎಲ್ಲಕ್ಕೂ ಅಪ್ಪನ ಬಳಿ ಉತ್ತರ ಇರುತ್ತಿತ್ತು. ಗೊತ್ತಿಲ್ಲದಿದ್ದರೂ ಉತ್ತರ ಇರುತ್ತೆ ಎಂದು ಅಮ್ಮ ಅಡುಗೆಮನೆಯಿಂದಲೇ ಗೊಣಗುತ್ತಿದ್ದಳು.

ಅವರ ಧೈರ್ಯಕ್ಕೆಲ್ಲ ಆಧಾರ ಒಂದು ವಹಿ. ಕೆಂಪು ಬಟ್ಟೆ ಸುತ್ತಿಟ್ಟ ಉದ್ದನೆಯ ಪುಸ್ತಕ. ಯಾವ ಊರಿನ ಯಾವ ಮನೆಯವರು ಕಾಶಿಗೆ ಬಂದರು, ಯಾರ ಕರ್ಮ ಮಾಡಿದರು, ತಂದೆ ಯಾರು, ಅಜ್ಜ ಯಾರು, ಗಂಡುಮಕ್ಕಳು ಎಷ್ಟು, ಎಲ್ಲವನ್ನೂ ಅದರಲ್ಲಿ ಬರೆದು ಬಂದವರಿಂದ ಸಹಿ ಹಾಕಿಸುತ್ತಿದ್ದರು. ಹಾಸನದ ಕಡೆಯ ಒಬ್ಬರು ಅದರಲ್ಲಿ ತಮ್ಮ ಮುತ್ತಜ್ಜನ ಕೈಬರಹ ಕಂಡು ಗೊಳೋ ಎಂದು ಅತ್ತದ್ದನ್ನು ನಾನೇ ನೋಡಿದ್ದೇನೆ. ವಹಿಯಲ್ಲಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ, ಇದು ಅಪ್ಪನ ಕಾನೂನು. ನಲವತ್ತು ವರ್ಷ ಆ ಕಾನೂನು ಅವರಿಗೆ ಮೋಸ ಮಾಡಿರಲಿಲ್ಲ.

ನಾನು ಅವರಿಗೆ ಒಬ್ಬಳೇ ಮಗಳು. ಹುಡುಗಿಯರ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ವಯಸ್ಸು ಮೂವತ್ತಾರು ದಾಟಿತ್ತು, ಮದುವೆಯ ಮಾತು ನಿಂತು ಎಷ್ಟೋ ಕಾಲವಾಗಿತ್ತು. ನನಗೆ ಅದರ ದುಃಖವಿರಲಿಲ್ಲ, ಅಮ್ಮನಿಗಿತ್ತು. ಅಪ್ಪನಿಗಿದ್ದದ್ದು ಭಯ. ಮೊಬೈಲ್ ಫೋನು ಗಲ್ಲಿ ಗಲ್ಲಿಗೂ ಬಂದಿದ್ದ ಕಾಲ ಅದು, ಅದರ ಜೊತೆಗೇ ವಿದೇಶಿ ಪ್ರವಾಸಿಗಳೂ ತುಂಬಿಕೊಂಡಿದ್ದರು. ನದಿ ಕಾಣುವ ಮನೆಗಳೆಲ್ಲ ಒಂದೊಂದಾಗಿ ಗೆಸ್ಟ್ ಹೌಸ್ ಆಗುತ್ತಿದ್ದವು. ನಮ್ಮ ಮನೆಯ ಯಜಮಾನನಿಗೂ ಆ ಆಸೆ ಹತ್ತಿತು. ಮೊದಲು ನಯವಾಗಿ ಹೇಳಿದ, ಆಮೇಲೆ ಜೋರು ಮಾಡಿದ, ಕೊನೆಗೆ ಮಹಡಿಗೆ ನೀರು ಬರುವ ಪೈಪನ್ನೇ ಕಿತ್ತುಹಾಕಿದ. ಅರವತ್ತು ದಾಟಿದ ಅಮ್ಮ ಕೆಳಗಿನಿಂದ ಬಿಂದಿಗೆಯಲ್ಲಿ ನೀರು ಹೊರುವುದನ್ನು ನೋಡಿದ ಮೇಲೆ ಅಪ್ಪ ಮೊದಲ ಸಲ ಸ್ವಂತ ಮನೆಯ ಮಾತು ಎತ್ತಿದರು.

"ನಮ್ಮಿಬ್ಬರದು ಹೇಗೋ ಆಗತ್ತೆ. ನಾವು ಹೋದ ಮೇಲೆ ಇವಳು ಎಲ್ಲಿರ್ತಾಳೆ?" ಎಂದರು ಅಮ್ಮನಿಗೆ, ನಾನು ಅಲ್ಲೇ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದರೂ ಇಲ್ಲದವಳಂತೆ ಮಾಡಿ.

ಜಾಗ ತಾನಾಗಿ ಬಾಗಿಲಿಗೆ ಬಂತು. ಶ್ರಾದ್ಧಕ್ಕೆ ಬೇಕಾದ ದರ್ಭೆ, ಮುತ್ತುಗದ ಎಲೆ ತಂದುಕೊಡುತ್ತಿದ್ದವನೊಬ್ಬ ಸಾರನಾಥದ ಕಡೆಯ ಹಳ್ಳಿಯವನು. ಹದಿನೈದು ವರ್ಷದಿಂದ ಸೈಕಲ್ ಮೇಲೆ ಬರುತ್ತಿದ್ದ. ಒಂದು ದಿನವೂ ತಪ್ಪಿಸಿದವನಲ್ಲ, ಒಂದು ಕಟ್ಟು ದರ್ಭೆ ಕಡಿಮೆ ಕೊಟ್ಟವನಲ್ಲ. ಮಗ ಸೂರತ್ತಿನಲ್ಲಿ ಕೆಲಸಕ್ಕಿದ್ದಾನೆ, ತಾನೂ ಅಲ್ಲಿಗೇ ಹೋಗುತ್ತೇನೆ, ಇರುವ ಜಾಗ ಮಾರಬೇಕು ಎಂದ. "ಪಂಡಿತ್‌ಜೀ, ಬೇರೆಯವರು ಕೇಳ್ತಿದ್ದಾರೆ. ಆದರೆ ನಿಮ್ಮಂಥವರು ಅಲ್ಲಿದ್ದರೆ ಆ ಮಣ್ಣಿಗೇ ಪುಣ್ಯ" ಎಂದು ಸೇರಿಸಿದ. ಹೊಗಳಿದರೆ ಅಪ್ಪ ಕರಗುತ್ತಾರೆ ಎಂದು ಹದಿನೈದು ವರ್ಷದಲ್ಲಿ ಅವನು ಕಲಿತಿದ್ದ.

ಭಾನುವಾರ ಆಟೋ ಮಾಡಿಕೊಂಡು ಮೂವರೂ ನೋಡಿಬಂದೆವು. ಬೌದ್ಧ ಮಠವೊಂದರ ಹಿಂಭಾಗದ ಕಾಲುದಾರಿ, ಒಂದು ಕಡೆ ಬಟಾಣಿ ಹೊಲ, ಮೂಲೆಯಲ್ಲಿ ಒಂದು ಬೇವಿನ ಮರ. ಅಮ್ಮ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಆ ಜಾಗದ ಉದ್ದಕ್ಕೂ ನಡೆದಳು. "ಇಲ್ಲಿ ಮೆಟ್ಟಿಲು ಹತ್ತೋದೇ ಇಲ್ಲ ಅಲ್ವಾ?" ಎಂದು ಕೇಳಿದಳು. ಘಾಟಿನ ಮೆಟ್ಟಿಲುಗಳಲ್ಲಿ ಅವಳ ಮೊಣಕಾಲು ಸವೆದುಹೋಗಿದ್ದವು. ಆ ಹೊತ್ತಿಗೇ ನನ್ನ ಮನಸ್ಸೂ ಅಲ್ಲಿ ನೆಟ್ಟುಹೋಯಿತು ಎಂದು ಒಪ್ಪಿಕೊಳ್ಳಬೇಕು.

ನಮ್ಮಲ್ಲಿ ಭಾನುವಾರದ ಊಟಕ್ಕೆ ಬರುತ್ತಿದ್ದ ಒಬ್ಬ ಬ್ಯಾಂಕಿನ ಅಧಿಕಾರಿಯಿದ್ದರು, ಧಾರವಾಡದಿಂದ ವರ್ಗವಾಗಿ ಬಂದವರು. ಹುಳಿಯನ್ನ ತಿನ್ನುತ್ತ ಜಾಗದ ಸುದ್ದಿ ಕೇಳಿದ ಅವರು ಕೈ ನಿಲ್ಲಿಸಿದರು.

"ನೋಡ್ರಿ ಶಾಸ್ತ್ರಿಗಳ, ನಾವು ಬ್ಯಾಂಕಿನ್ಯಾಗ ಸಾಲ ಕೊಡಬೇಕಾದ್ರ ಮೊದಲ ವಕೀಲರ ಕಡೆ ಕಾಗದ ಕಳಸ್ತೀವಿ. ಅವರು ತಹಸೀಲಿನ್ಯಾಗ ಖತೌನಿ ತಗಸಿ ನೋಡ್ತಾರ. ನಮ್ಮ ಕಡೆ ಪಹಣಿ ಇದ್ಹಾಂಗ. ಜಾಗ ಯಾರ್ಯಾರ ಹೆಸರಿನ್ಯಾಗ ಐತಿ ಅಂತ ಅದರಾಗ ತಿಳೀತದ. ನೀವೂ ಒಮ್ಮೆ ತೋರಸ್ರಿ."

"ಬ್ಯಾಂಕಿಗೆ ಮನುಷ್ಯರ ಗುರುತಿಲ್ಲ, ಅದಕ್ಕೆ ವಕೀಲ ಬೇಕು" ಎಂದರು ಅಪ್ಪ. "ಇವನು ನನಗೆ ಹದಿನೈದು ವರ್ಷದಿಂದ ಗೊತ್ತು."

"ಮನುಷ್ಯಾ ಗೊತ್ತಿರಬಹುದ್ರಿ. ಜಾಗ ಗೊತ್ತಿಲ್ಲಲ್ಲ."

ಅಪ್ಪ ಅಮ್ಮನ ಕಡೆ ತಿರುಗಿ ಮಜ್ಜಿಗೆ ಬಡಿಸಲು ಹೇಳಿದರು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ವಾರ ವಾರ ನಮ್ಮಲ್ಲೇ ಉಣ್ಣುವ ಮನುಷ್ಯನ ಮಾತಿಗೆ ಅವರಲ್ಲಿ ಬೆಲೆ ಹುಟ್ಟಲಿಲ್ಲ.

ನನ್ನಲ್ಲಿ ಹುಟ್ಟಿತು. ಮರುದಿನ ಶಾಲೆಗೆ ಅರ್ಧ ರಜೆ ಹಾಕಿ, ಆ ಅಧಿಕಾರಿ ಹೇಳಿದ ವಕೀಲರನ್ನು ಹುಡುಕಿಕೊಂಡು ಕಚಹರಿಗೆ, ಅಂದರೆ ಕೋರ್ಟಿನ ಆವರಣಕ್ಕೆ, ಹೋದೆ. ತಗಡಿನ ಚಾವಣಿಯ ಕೆಳಗೆ ಒಂದು ಮರದ ಚೌಕಿ, ಒಂದು ಟಿನ್ನಿನ ಪೆಟ್ಟಿಗೆ, ಸುತ್ತ ಟೈಪ್‌ರೈಟರುಗಳ ಗಲಾಟೆ. ವಕೀಲರು ಅರವತ್ತರ ಆಸುಪಾಸಿನವರು. ದರ್ಭೆಯವನು ನಮಗೆ ಕೊಟ್ಟಿದ್ದ ಜಾಗದ ಕಾಗದವನ್ನು ಎರಡು ಸಲ ಓದಿ, "ಇದರಲ್ಲಿ ಅವನ ಹೆಸರಿದೆ, ನಿಜ. ಅವನದೊಂದೇ ಹೆಸರೋ ಅಂತ ಇದು ಹೇಳಲ್ಲ. ಹತ್ತು ಹನ್ನೆರಡು ದಿನ ಕೊಡಿ, ಖತೌನಿಯ ನಕಲು ತೆಗೆಸ್ತೀನಿ. ಅಲ್ಲೀತನಕ ಒಂದು ಪೈಸೆಯೂ ಕೊಡಬೇಡಿ" ಎಂದರು.

ಪಿತೃಪಕ್ಷಕ್ಕೆ ಎಂಟೇ ದಿನ ಉಳಿದಿತ್ತು. ಪಿತೃಪಕ್ಷದಲ್ಲಿ ಭೂಮಿ ಕೊಳ್ಳುವಂತಿಲ್ಲ, ಮೇಲಾಗಿ ಆ ಹದಿನೈದು ದಿನ ಅಪ್ಪನಿಗೆ ಊಟ ಮಾಡಲೂ ಪುರುಸೊತ್ತಿರುವುದಿಲ್ಲ. ನವರಾತ್ರಿಗೆ ಕೊಳ್ಳೋಣ ಎಂದೆ. ದರ್ಭೆಯವನು ಅಷ್ಟು ದಿನ ಕಾಯಲಾರೆ, ಇನ್ನೊಬ್ಬರು ಮುಂಗಡ ಹಿಡಿದು ನಿಂತಿದ್ದಾರೆ ಎಂದ. ನಾನು ವಕೀಲರ ಬಳಿ ಹೋಗಿದ್ದು ಅಪ್ಪನಿಗೆ ಗೊತ್ತಾದದ್ದು ಆವಾಗಲೇ.

"ನಲವತ್ತು ವರ್ಷದಿಂದ ಊರವರ ವಂಶಾನೆಲ್ಲ ಓದ್ಕೊಂಡು ಬಂದಿದೀನಿ. ಕರಿ ಕೋಟು ಹಾಕ್ಕೊಂಡೋನು ನನಗೆ ಹೇಳಿಕೊಡಬೇಕೇನೇ? ಬಾ, ತೋರಿಸ್ತೀನಿ."

ಕೈ ಹಿಡಿದು ಎಳೆದುಕೊಂಡು ಹೋಗದಿದ್ದುದೊಂದು ಕಡಿಮೆ. ದರ್ಭೆಯವನ ಮನೆತನಕ್ಕೆ ಕರ್ಮ ಮಾಡಿಸುವ ಪಂಡಾ ಪಕ್ಕದ ಘಾಟಿನಲ್ಲೇ ಇದ್ದರು, ಅಪ್ಪನಿಗೆ ಸ್ನೇಹಿತರು. ಅವರ ವಹಿ ಬಿಚ್ಚಿಸಿದರು. ಅಜ್ಜನ ಹೆಸರು, ತಂದೆಯ ಹೆಸರು, ತಂದೆಗೆ ಇಬ್ಬರು ಗಂಡುಮಕ್ಕಳು. ಹಿರಿಯವನು ನಮ್ಮ ದರ್ಭೆಯವನು. ಕಿರಿಯವನು ನಾಲ್ಕು ವರ್ಷದ ಹಿಂದೆ ತೀರಿಕೊಂಡಿದ್ದ, ಕರ್ಮ ಮಾಡಿದವನು ಅಣ್ಣ, ಕೆಳಗೆ ಅಣ್ಣನ ವಕ್ರವಕ್ರ ಸಹಿ. ಕಿರಿಯವನ ಹೆಸರಿನ ಕೆಳಗೆ ಏನೂ ಇರಲಿಲ್ಲ.

"ನೋಡು" ಎಂದರು ಅಪ್ಪ, ಆ ಖಾಲಿ ಕಾಗದದ ಮೇಲೆ ಬೆರಳಿಟ್ಟು. "ತಮ್ಮನ ಸಾಲು ಇಲ್ಲಿಗೆ ಮುಗೀತು. ಉಳಿದೋನು ಇವನೊಬ್ಬನೇ. ಇನ್ನೇನು ಬೇಕು ನಿನ್ನ ವಕೀಲನಿಗೆ?"

ನಾನು ನೋಡಿದೆ, ಒಪ್ಪಿದೆ. ಇವತ್ತಿಗೂ ನನ್ನನ್ನು ನಾನು ಬೈದುಕೊಳ್ಳುವುದು ಇದಕ್ಕೇ. ನಮ್ಮ ಮನೆಯ ವಹಿಯಲ್ಲಿ ಅಪ್ಪನ ಹೆಸರಿನ ಕೆಳಗೂ ಅಷ್ಟೇ ಖಾಲಿಯಿತ್ತು, ಅದನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ಹೆಣ್ಣುಮಕ್ಕಳನ್ನು ವಹಿಯಲ್ಲಿ ಬರೆಯುವುದಿಲ್ಲ, ಅವರು ಪಿಂಡ ಇಡುವುದಿಲ್ಲ. ಆ ಖಾಲಿ ಜಾಗದಲ್ಲಿ ಮೂವತ್ತಾರು ವರ್ಷದಿಂದ ಕೂತಿದ್ದವಳು ನಾನು. ಅಪ್ಪನಿಗೆ ಹೊಳೆಯದಿದ್ದರೆ ಹೋಗಲಿ, ನನಗಾದರೂ ಹೊಳೆಯಬೇಕಿತ್ತು. ವಕೀಲರಿಗೆ ಫೋನು ಮಾಡಿ, ನಕಲು ಬೇಡ, ಬಿಟ್ಟುಬಿಡಿ ಎಂದೆ. ನಿಮ್ಮಿಷ್ಟ ಎಂದು ಅವರು ಫೋನಿಟ್ಟರು.

ಪಿತೃಪಕ್ಷಕ್ಕೆ ಎರಡು ದಿನ ಮುಂಚೆ ರಿಜಿಸ್ಟ್ರಿ ಆಯಿತು. ಕೊಳ್ಳುವವರ ಹೆಸರು ಓದಿದಾಗ ನನಗೆ ಗೊತ್ತಾಯಿತು, ಅಪ್ಪ ಜಾಗವನ್ನು ನನ್ನ ಹೆಸರಿಗೆ ಬರೆಸಿದ್ದರು. ಮುಂಚೆ ಹೇಳಿರಲಿಲ್ಲ. "ನಾಳೆ ನಿನಗೆ ಯಾರೂ ಎದ್ದು ಹೋಗು ಅನ್ನಬಾರದು" ಎಂದಷ್ಟೇ ಹೇಳಿ ಹೊರಗೆ ಹೋಗಿ ನಿಂತರು. ಅವರ ಜೀವಮಾನದ ದಕ್ಷಿಣೆಯೆಲ್ಲ ಅದರಲ್ಲಿತ್ತು. ಆ ಕಚೇರಿಯ ಜನಜಂಗುಳಿಯ ನಡುವೆ ನಾನು ನಾಚಿಕೆಯಿಲ್ಲದೆ ಅತ್ತೆ.

ಮೂರು ತಿಂಗಳ ಮೇಲೆ, ತಹಸೀಲಿನ ದಾಖಲೆಯಲ್ಲಿ ನನ್ನ ಹೆಸರು ಏರಿಸಲು ಅರ್ಜಿ ಹಾಕಿದ್ದಾಗ, ಒಬ್ಬ ಹೆಂಗಸು ಇಬ್ಬರು ಹುಡುಗಿಯರನ್ನು ಕರೆದುಕೊಂಡು ಹನುಮಾನ್ ಘಾಟಿನ ನಮ್ಮ ಮನೆ ಕೇಳಿಕೊಂಡು ಬಂದಳು. ದೊಡ್ಡವಳಿಗೆ ಹನ್ನೆರಡಿರಬಹುದು, ಚಿಕ್ಕವಳಿಗೆ ಎಂಟು. ಮೆಟ್ಟಿಲು ಹತ್ತಿ ಏದುತ್ತಿದ್ದರು. ಅಮ್ಮ ನೀರು, ಬೆಲ್ಲ ಕೊಟ್ಟಳು. ಹೆಂಗಸು ಭೋಜಪುರಿ ಬೆರೆತ ಹಿಂದಿಯಲ್ಲಿ ಮಾತಾಡಿದಳು, ನನ್ನ ನೆನಪಿನಲ್ಲಿ ಅದು ಯಾಕೋ ಕನ್ನಡದಲ್ಲೇ ಉಳಿದಿದೆ.

"ಪಂಡಿತ್‌ಜೀ, ನೀವು ಕೊಂಡುಕೊಂಡ ಜಾಗದಲ್ಲಿ ಅರ್ಧ ನನ್ನ ಗಂಡನದು. ಅವರು ಹೋದ ಮೇಲೆ ಖತೌನಿಯಲ್ಲಿ ನನ್ನ ಹೆಸರು ಬಂದಿದೆ. ಜೇಠ್‌ಜಿ ನನ್ನನ್ನು ಕೇಳದೆ ಮಾರಿಬಿಟ್ಟರು. ನಾನು ಚಂದೌಲಿ ಕಡೆ ತವರಿನಲ್ಲಿದ್ದೆ, ಗೊತ್ತೇ ಆಗಲಿಲ್ಲ."

ಜೇಠ್ ಅಂದರೆ ಗಂಡನ ಅಣ್ಣ, ನಮ್ಮ ದರ್ಭೆಯವನು. ಅವನಾಗಲೇ ಸೂರತ್ತಿಗೆ ಹೋಗಿಯಾಗಿತ್ತು, ಫೋನು ಎತ್ತುತ್ತಿರಲಿಲ್ಲ. ಅಪ್ಪ ಆ ಹುಡುಗಿಯರನ್ನೇ ನೋಡುತ್ತಿದ್ದರು.

"ಇವರು?" ಎಂದರು.

"ಅವರ ಮಕ್ಕಳು" ಎಂದಳು ಅವಳು, ಇಷ್ಟು ಓದಿದವರಿಗೆ ಇಷ್ಟೂ ಗೊತ್ತಾಗಲಿಲ್ಲವೇ ಎಂಬಂತೆ.

ಅವರು ಹೋದ ಮೇಲೆ ಅಪ್ಪ ಗೋಡೆಗೆ ಒರಗಿ ಕೂತರು. "ಅರ್ಧ ಆಕೇದು. ಕೊಟ್ಟುಬಿಡಬೇಕು" ಎಂದರು.

"ಕೊಟ್ಟು ನಾವೆಲ್ಲಿಗೆ ಹೋಗೋಣ? ಉಳಿದ ಅರ್ಧದಲ್ಲಿ ಮನೆಯಲ್ಲ, ಒಂದು ಹಸು ಕಟ್ಟಕ್ಕೂ ಆಗಲ್ಲ" ಎಂದು ನಾನು ಕಿರುಚಿದೆ. ಅಪ್ಪನ ಮೇಲೆ ಅದಕ್ಕೂ ಮುಂಚೆ ಧ್ವನಿ ಏರಿಸಿದವಳಲ್ಲ. ಅವತ್ತು ನಿಲ್ಲಲಿಲ್ಲ. "ನಿಮ್ಮ ವಹಿಯಲ್ಲಿ ನಿಮ್ಮ ಹೆಸರಿನ ಕೆಳಗೆ ಯಾರಿದ್ದಾರೆ ಹೇಳಿ. ಯಾರೂ ಇಲ್ಲ. ನಾಳೆ ನನ್ನ ಚಿಕ್ಕಪ್ಪನ ಮಕ್ಕಳು ಬಂದು, ಇವರಿಗೆ ಸಂತಾನವೇ ಇರಲಿಲ್ಲ ಅಂದರೆ ನಿಮ್ಮ ವಹಿ ಹೂಂ ಅನ್ನತ್ತೆ." ಅಮ್ಮ ನನ್ನ ಬಾಯಿ ಮುಚ್ಚಲು ಬಂದಳು. ಆ ದಿನದಿಂದ ಅಪ್ಪ ಜಾಗದ ವಿಷಯವನ್ನು ಪೂರ್ತಿ ನನಗೇ ಬಿಟ್ಟರು. ಆಕೆಗೆ ಅನ್ಯಾಯ ಆಗದ ಹಾಗೆ ನೋಡ್ಕೋ, ಇಷ್ಟೇ ಅವರು ಕೇಳಿದ್ದು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನಾನು ಮತ್ತೆ ಅದೇ ತಗಡಿನ ಚಾವಣಿಯ ಕೆಳಗೆ ಹೋಗಿ ನಿಂತೆ. ವಕೀಲರು ನನ್ನನ್ನು ಹಂಗಿಸಲಿಲ್ಲ. ಅದೇ ಒಂದು ಕೆಟ್ಟದ್ದಾಯಿತು, ಹಂಗಿಸಿದ್ದರೆ ಎದ್ದು ಬರುತ್ತಿದ್ದೆನೇನೋ. ಈ ಸಲ ಖತೌನಿ ತೆಗೆಸಿದರು. ಹೆಂಗಸು ಹೇಳಿದ್ದು ಅಕ್ಷರಶಃ ನಿಜ. ದರ್ಭೆಯವನ ಮೇಲೆ ಕೇಸು ಹಾಕಬಹುದು, ಆದರೆ ಸೂರತ್ತಿನಿಂದ ಅವನನ್ನು ಎಳೆದು ತರುವಷ್ಟರಲ್ಲಿ ನಿಮಗೆ ಮುಪ್ಪು ಬರುತ್ತದೆ ಎಂದರು. ಆಮೇಲೆ ಚೌಕಿಯ ಮೇಲೆ ಸ್ವಲ್ಪ ಮುಂದೆ ಬಗ್ಗಿದರು.

"ಕಾನೂನು ಕೇಳಿದರೆ ಅರ್ಧ ಆಕೆಯದು. ನನ್ನ ಸಲಹೆ ಕೇಳಿದರೆ ಬೇರೆ. ಆಕೆಗೆ ವಕೀಲರಿಲ್ಲ, ನಿಮ್ಮ ಅರ್ಜಿಯ ಮೇಲೆ ಆಕೆ ಹಾಕಿರೋದು ಗೇಟಿನ ಹತ್ತಿರ ಯಾರೋ ಟೈಪ್ ಮಾಡಿಕೊಟ್ಟ ತಕರಾರು ಅರ್ಜಿ. ಪ್ರತಿ ಸಲ ಚಂದೌಲಿಯಿಂದ ಬರಬೇಕು, ಕೂಲಿ ಬಿಡಬೇಕು. ನಾವು ವಿಚಾರಣೆ ಮುಂದೂಡಿಸಿ ತಾರೀಖು ತಗೊಳ್ತಾ ಹೋಗೋಣ. ತಾನಾಗಿ ಸುಸ್ತಾಗಿ ಕೊಟ್ಟಷ್ಟಕ್ಕೆ ಬರೆದುಕೊಡ್ತಾಳೆ."

ಮೊದಲ ಸಲ ಇವರ ಮಾತು ಕೇಳದೆ ಕೆಟ್ಟಿದ್ದೆವು, ಈ ಸಲ ಕೇಳೋಣ. ನನ್ನ ಮನಸ್ಸಿನಲ್ಲಿ ಓಡಿದ್ದು ಇಷ್ಟೇ. ಪಾಪ ಪುಣ್ಯ ಏನೂ ಬರಲಿಲ್ಲ ಎಂದರೆ ಸುಳ್ಳಾದೀತು, ಬಂತು. ಬಿಂದಿಗೆ ಹೊತ್ತ ಅಮ್ಮನೂ ಬಂದಳು. ನಾನು ವಕಾಲತ್ತಿಗೆ ಸಹಿ ಹಾಕಿದೆ.

ಒಂದೂವರೆ ವರ್ಷ ನಡೆಯಿತು. ಒಂದು ಸಲ ನಮ್ಮ ವಕೀಲರಿಗೆ ಜ್ವರ, ಒಂದು ಸಲ ಯಾವುದೋ ಕಾಗದ ಸಿಗಲಿಲ್ಲ, ಮೂರು ಸಲ ವಕೀಲರ ಮುಷ್ಕರ, ಎರಡು ಸಲ ತಹಸೀಲಿನ ಅಧಿಕಾರಿ ಚುನಾವಣೆಯ ಕೆಲಸದ ಮೇಲೆ. ಜ್ವರವೂ ಕಾಗದವೂ ನಾವು ಹುಟ್ಟಿಸಿದ್ದು, ಉಳಿದದ್ದು ತಾನಾಗಿ ಒದಗಿದ್ದು. ಅವಳು ಪ್ರತಿ ಸಲವೂ ಬಂದಳು. ತಹಸೀಲಿನ ವರಾಂಡದಲ್ಲಿ ಪ್ಲಾಸ್ಟಿಕ್ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದಳು. ನನ್ನನ್ನು ಕಂಡರೆ ಎದ್ದು ನಮಸ್ಕಾರ ಮಾಡುತ್ತಿದ್ದಳು. ನಾನು ಟೀಚರ್ ಎಂದು ಗೊತ್ತಾದ ಮೇಲೆ ಇಲ್ಲಿಯ ವಾಡಿಕೆಯಂತೆ ಬಹಿನ್‌ಜೀ ಎನ್ನುತ್ತಿದ್ದಳು. ಮೊದಮೊದಲು ಹುಡುಗಿಯರೂ ಜೊತೆಗಿರುತ್ತಿದ್ದರು. ಒಮ್ಮೆ ಚಿಕ್ಕವಳು ನನ್ನ ಪಕ್ಕ ಬಂದು ಕೂತು, ನನ್ನ ಗಡಿಯಾರ ನೋಡಿ ಗಂಟೆ ಎಷ್ಟೆಂದು ತಾನೇ ಹೇಳಿ ತೋರಿಸಿದಳು. ಸರಿಯಾಗಿ ಹೇಳಿದಳು. ನಾನು ಶಭಾಷ್ ಎನ್ನಲಿಲ್ಲ. ಆಮೇಲೆ ಬಸ್ಸಿನ ಖರ್ಚಿಗಾಗದೆ ತಾಯಿ ಒಬ್ಬಳೇ ಬರತೊಡಗಿದಳು.

ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂದು ಅಮ್ಮ ಆಗಾಗ ಅನ್ನುತ್ತಿದ್ದಳು. ನಾನು ಗದರಿಸಿ ಸುಮ್ಮನಿರಿಸುತ್ತಿದ್ದೆ. ಆ ದಿನಗಳಲ್ಲಿ ನಾನು ಎಲ್ಲರನ್ನೂ ಗದರಿಸುತ್ತಿದ್ದೆ, ಶಾಲೆಯ ಮಕ್ಕಳು ನನ್ನ ಕ್ಲಾಸಿಗೆ ಹೆದರುತ್ತಿದ್ದರು.

ಅಪ್ಪನಿಗೆ ಇದಾವುದೂ ಗೊತ್ತಿರಲಿಲ್ಲ. ಸರ್ಕಾರಿ ಕೆಲಸ, ನಿಧಾನ ಎಂದು ಹೇಳಿದ್ದೆ. ಎಲ್ಲ ಮುಗಿದ ಮೇಲೆ, ಆಕೆ ಸರಿಯಾದ ಬೆಲೆಗೆ ಸಂತೋಷವಾಗಿ ಕೊಟ್ಟಳು ಎಂದೆ. ಅಪ್ಪ ನಂಬಿದರು, ಮಗಳಲ್ಲವೇ. ಸಾರನಾಥದ ಆ ಮನೆಯಲ್ಲಿ ಅವರು ಐದು ವರ್ಷ ಬದುಕಿದರು. ಸಂಧ್ಯಾವಂದನೆ ಮುಗಿಸಿ ಏಳುವಾಗ, ಆ ತಾಯಿಗೂ ಅವಳ ಮಕ್ಕಳಿಗೂ ಒಳ್ಳೇದಾಗಲಿ ಎಂದು ದಿನವೂ ಹೇಳುತ್ತಿದ್ದರು. ಒಳಗಿನಿಂದ ನಾನು ಕೇಳಿಸಿಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದು ಎಷ್ಟೋ ಸಲ ಬಾಗಿಲವರೆಗೆ ಬಂದು, ಕಾಫಿ ಆಯಿತು ಎಂದಷ್ಟೇ ಹೇಳಿ ಹಿಂತಿರುಗಿದ್ದೇನೆ. ಆ ಮನೆಯಲ್ಲೇ ಅಪ್ಪ ತೀರಿಕೊಂಡರು, ಆಮೇಲೆ ಅಮ್ಮ.

ಆ ಕೇಸಿನ ಕೊನೆಯ ದಿನದ ಮಾತು ಹೇಳಿ ಮುಗಿಸುತ್ತೇನೆ. ಅದರ ಹಿಂದಿನ ವಾರ ವಕೀಲರು ನನ್ನನ್ನು ಕರೆಸಿದ್ದರು. ಹೊಸ ಅಧಿಕಾರಿ ಬಂದಿದ್ದಾರೆ, ಇನ್ನು ತಾರೀಖು ಕೊಡುವುದಿಲ್ಲ, ಮುಂದಿನ ಸಲ ಆಕೆ ಬಂದು ನಿಂತರೆ ಆದೇಶ ಆಕೆಯ ಪರವಾಗಿಯೇ ಆಗುತ್ತದೆ ಎಂದರು. ಅದಕ್ಕೆ ಮುಂಚೆ ಬರೆಸಿಕೊಳ್ಳಬೇಕು. ಆಕೆಗೆ ಹೇಳಿಕಳಿಸಿದರು. ಸೋತು ಬಂದಳು, ದೊಡ್ಡ ಮಗಳಿಗೆ ಕಾಮಾಲೆಯಾಗಿ ಹಾಸಿಗೆ ಹಿಡಿದಿದ್ದಳಂತೆ. ವಕೀಲರು ಹೇಳಿದ ಮೊತ್ತ ಆ ಅರ್ಧ ಜಾಗದ ಬೆಲೆಯ ಕಾಲುಭಾಗವೂ ಆಗುತ್ತಿರಲಿಲ್ಲ. ಅವಳು ಚೌಕಾಸಿ ಮಾಡಲಿಲ್ಲ.

ರಿಜಿಸ್ಟ್ರಿ ಕಚೇರಿಯಲ್ಲಿ ಕಾಗದವನ್ನು ಅವಳ ಮುಂದೆ ಇಟ್ಟರು, ಪಕ್ಕದಲ್ಲಿ ಶಾಯಿಯ ಪ್ಯಾಡು. ಅವಳು ಹೆಬ್ಬೆಟ್ಟು ಚಾಚಿದವಳು ಕೈ ಹಿಂದಕ್ಕೆ ತೆಗೆದುಕೊಂಡಳು. ವಕೀಲರನ್ನು ನೋಡಿದಳು, ಗುಮಾಸ್ತನನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಬಹಿನ್‌ಜೀ, ನನಗೆ ಓದೋಕೆ ಬರಲ್ಲ. ಒಂದು ಮಾತು ಕೇಳೋಣ ಅಂದರೆ ನನ್ನ ಕಡೆಯವರು ಅಂತ ಯಾರೂ ಇಲ್ಲ. ನೀವು ಓದಿದವರು, ಮಕ್ಕಳಿಗೆ ಕಲಿಸೋರು. ನೀವೇ ಹೇಳಿ. ಇನ್ನೊಂದು ತಾರೀಖು ನೋಡಲೋ, ಹೆಬ್ಬೆಟ್ಟು ಹಾಕಲೋ?"

ವಕೀಲರು ಕಿಟಕಿಯ ಕಡೆ ಮುಖ ಮಾಡಿದರು. ಇನ್ನೊಂದೇ ಒಂದು ತಾರೀಖು ಸಾಕು ಎಂದು ಅಲ್ಲಿ ಗೊತ್ತಿದ್ದದ್ದು ನಮ್ಮಿಬ್ಬರಿಗೆ.

"ಹಾಕಿ" ಎಂದೆ. "ಇದೇ ಒಳ್ಳೇದು."

ಅವಳು ಹಾಕಿದಳು. ಬೆರಳನ್ನು ಸೆರಗಿಗೆ ಒರೆಸಿಕೊಂಡು, ಸರಿಯಾಗಿ ಹೇಳಿಕೊಟ್ಟಿರಿ ಎಂದು ನನಗೆ ಕೈಮುಗಿದಳು.